ವಾರ್ಡಿನಲ್ಲಿ ಬೇಕಾಗುವ ಭಾಷೆ ಯಾವ ಪುಸ್ತಕದಲ್ಲಿದೆ?

ನೀಟ್ ಫಲಿತಾಂಶ ಬಂದ ವಾರ ನಮ್ಮ ಊರುಗಳಲ್ಲಿ ಒಂದು ಸಂಭ್ರಮ. ಸೀಟು ಸಿಕ್ಕ ಹುಡುಗಿಯ ಹೆಸರು ಫ್ಲೆಕ್ಸ್‌ನಲ್ಲಿ ಬರುತ್ತದೆ, ಜಮಾಅತ್‌ನವರು ಶಾಲು ಹೊದಿಸುತ್ತಾರೆ, ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಎರಡು ದಿನ ಮಾಶಾ ಅಲ್ಲಾಹ್‌ಗಳ ಮಳೆ. ಅಲ್ಲಿಗೆ ಮುಗಿಯಿತು. ಮತ್ತೆ ಆ ಹುಡುಗಿಯ ನೆನಪಾಗುವುದು ಐದೂವರೆ ವರ್ಷ ಕಳೆದು ಹೆಸರಿನ ಮುಂದೆ 'ಡಾ.' ಬಂದ ಮೇಲೆ. ನಡುವೆ ಏನಾಯಿತು ಅಂತ ಕೇಳುವವರು ಕಡಿಮೆ.

ನಡುವೆ ಒಂದು ದೊಡ್ಡ ತಿರುವು ಇದೆ. ಮೊದಲ ವರ್ಷವೆಲ್ಲ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಅದು ನಮ್ಮ ಮಕ್ಕಳಿಗೆ ಗೊತ್ತಿರುವ ಆಟವೇ: ಓದು, ಬರೆ, ಅಂಕ ತೆಗೆ. ಎರಡನೇ ವರ್ಷದಿಂದ ದಿನಕ್ಕೆ ಸುಮಾರು ಮೂರು ಗಂಟೆ ವಾರ್ಡಿಗೆ ಹೋಗಬೇಕು. ಇದಕ್ಕೆ ಪೋಸ್ಟಿಂಗ್ ಅನ್ನುತ್ತಾರೆ. ಕೆಲವು ವಾರ ಮೆಡಿಸಿನ್, ಕೆಲವು ವಾರ ಸರ್ಜರಿ, ಆಮೇಲೆ ಹೆರಿಗೆ ವಿಭಾಗ, ಮಕ್ಕಳ ವಿಭಾಗ. ಮೈಮೇಲೆ ಇಸ್ತ್ರಿ ಹಾಕಿದ ಬಿಳಿ ಕೋಟು, ಕುತ್ತಿಗೆಯಲ್ಲಿ ಹೊಸ ಸ್ಟೆತಾಸ್ಕೋಪ್. ಎದುರಿನ ಮಂಚದಲ್ಲಿ ನೋವು ತಿನ್ನುತ್ತಿರುವ ಒಬ್ಬ ಮನುಷ್ಯ.

ಅಲ್ಲಿ ವಿದ್ಯಾರ್ಥಿಗೆ ಕೊಡುವ ಮೊದಲ ಕೆಲಸ ರೋಗಿಯ 'ಹಿಸ್ಟರಿ' ಕೇಳುವುದು. ಏನು ತೊಂದರೆ, ಯಾವಾಗ ಶುರುವಾಯಿತು, ಹೇಗೆ ಹೆಚ್ಚಾಯಿತು, ಯಾವ ಮದ್ದು ನಡೆಯುತ್ತಿದೆ. ಕೇಳಲು ಸುಲಭ. ಆದರೆ ಎಷ್ಟೋ ಮಕ್ಕಳು ಎಡವುವುದು ಇಲ್ಲಿಯೇ. ಯಾಕೆಂದರೆ ರೋಗಿ ಪುಸ್ತಕದ ಭಾಷೆಯಲ್ಲಿ ಮಾತಾಡುವುದಿಲ್ಲ.

ಒಂದು ಉದಾಹರಣೆ ನೋಡಿ. ಎದೆಯ ನಡುವೆ ಹಿಂಡಿದಂಥ ನೋವು, ಎಡಗೈಗೆ ಹರಡುವುದು. ಹೃದಯಾಘಾತಕ್ಕೆ ಪುಸ್ತಕ ಹೇಳುವ ಲಕ್ಷಣ ಇದು. ನಮ್ಮ ಮನೆಯ ಹಿರಿಯರು ಏನು ಹೇಳುತ್ತಾರೆ? "ಗ್ಯಾಸ್ ಆಗಿದೆ ಮಗಾ, ರಾತ್ರಿ ಊಟ ಹೆಚ್ಚಾಯಿತು." ಸಕ್ಕರೆ ಕಾಯಿಲೆ ಇರುವವರಲ್ಲಿ, ಅದರಲ್ಲೂ ಪ್ರಾಯದ ಹೆಂಗಸರಲ್ಲಿ, ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ಏದುಸಿರು ಮಾತ್ರ ಕಾಣಿಸಿಕೊಳ್ಳುವುದೂ ಉಂಟು. 'ಗ್ಯಾಸ್' ಎಂದದ್ದನ್ನು ಹಾಗೆಯೇ ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುವ ಹುಡುಗನಿಗೂ, "ಬೆವರು ಬಂತಾ? ಮೆಟ್ಟಿಲು ಹತ್ತುವಾಗ ಹೇಗೆ?" ಅಂತ ಇನ್ನೆರಡು ಮಾತು ಕೇಳುವ ಹುಡುಗಿಗೂ ಇರುವ ವ್ಯತ್ಯಾಸ ಒಂದು ಜೀವದ್ದಾಗಿರಬಹುದು.

ಈ ಸಮಸ್ಯೆ ಮೇಲಿನವರಿಗೆ ಗೊತ್ತಿಲ್ಲ ಅಂತ ಅಲ್ಲ. 2019ರಲ್ಲಿ ಎಂಬಿಬಿಎಸ್‌ನ ಪಠ್ಯಕ್ರಮವೇ ಬದಲಾಯಿತು. ಮೊದಲ ವರ್ಷದಲ್ಲಿಯೇ ರೋಗಿಗಳ ಪರಿಚಯ ಆಗಬೇಕು, ಶುರುವಿನ ಫೌಂಡೇಶನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆ ಕಲಿಸಬೇಕು, ನಡವಳಿಕೆ, ನೀತಿ, ಸಂವಹನ ಇವಕ್ಕೆ ಬೇರೆಯೇ ತರಗತಿ ಇರಬೇಕು ಎಂದಾಯಿತು. 2020ರಲ್ಲಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಮುಂದುವರಿಸಿತು. ವಿದ್ಯಾರ್ಥಿಗಳು ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಮನೆಗೆ ಭೇಟಿ ಕೊಡುವ ಕಾರ್ಯಕ್ರಮವನ್ನೂ ಸೇರಿಸಿತು. ಕಾಗದದ ಮೇಲೆ ಒಳ್ಳೆಯ ಯೋಜನೆ.

ಆದರೆ 'ಸ್ಥಳೀಯ ಭಾಷೆ' ಅಂದರೆ ಯಾವುದು? ಬೇರೆ ಕಡೆ ಉತ್ತರ ಸುಲಭ ಇರಬಹುದು, ದಕ್ಷಿಣ ಕನ್ನಡದಲ್ಲಿ ಅಲ್ಲ. ಮಂಗಳೂರು ಮತ್ತು ಸುತ್ತಮುತ್ತ ಮೆಡಿಕಲ್ ಕಾಲೇಜುಗಳು ಬೇಕಾದಷ್ಟಿವೆ. ಡೀಮ್ಡ್ ವಿಶ್ವವಿದ್ಯಾನಿಲಯಗಳಿಗೆ ದೇಶದ ಎಲ್ಲ ಕಡೆಯಿಂದ ಮಕ್ಕಳು ಬರುತ್ತಾರೆ. 1848ರಿಂದ ಇರುವ ವೆನ್ಲಾಕ್‌ನಂಥ ಸರಕಾರಿ ಆಸ್ಪತ್ರೆಯಲ್ಲಿ ಖಾಸಗಿ ಕಾಲೇಜಿನ ಮಕ್ಕಳು ದಶಕಗಳಿಂದ ಕಲಿಯುತ್ತಿದ್ದಾರೆ. ಅಲ್ಲಿಗೆ ಬರುವ ರೋಗಿಗಳು ಮಾತಾಡುವುದು ತುಳು, ಬ್ಯಾರಿ, ಕೊಂಕಣಿ, ಕಾಸರಗೋಡಿನವರಾದರೆ ಮಲಯಾಳ. ಹೊರಗಿನಿಂದ ಬಂದ ಹುಡುಗ ಕಷ್ಟಪಟ್ಟು ನಾಲ್ಕು ವಾಕ್ಯ ಕನ್ನಡ ಕಲಿತು "ನಿಮಗೆ ಏನು ತೊಂದರೆ?" ಅಂತ ಕೇಳಿದರೆ, ಆ ಕಡೆಯಿಂದ ಬರುವ ಉತ್ತರ "ತರೆ ಬೇನೆ" ಅಥವಾ "ಬಂಜಿ ಬೇನೆ".

ಆಗ ಎಲ್ಲರ ಕಣ್ಣು ಬೀಳುವುದು ಬ್ಯಾಚ್‌ನಲ್ಲಿರುವ ನಮ್ಮ ಮಕ್ಕಳ ಮೇಲೆ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪರೀಕ್ಷೆಗೆ ಇಂಗ್ಲಿಷ್. ಈ ನಾಲ್ಕನ್ನೂ ಅವರು ಯಾರೂ ಕಲಿಸದೆ ಕಲಿತಿದ್ದಾರೆ. ಇದೇ ಮಕ್ಕಳು ಮೊದಲ ವರ್ಷದಲ್ಲಿ ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲವೆಂದು ತರಗತಿಯ ಹಿಂದೆ ಕುಳಿತವರಾಗಿರಬಹುದು. ವಾರ್ಡಿನಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಆದರೆ ಈ ಸಾಮರ್ಥ್ಯಕ್ಕೆ ಅಂಕ ಕೊಡುವ ಕಾಲಂ ಯಾವ ಲಾಗ್‌ಬುಕ್‌ನಲ್ಲಿಯೂ ಪ್ರತ್ಯೇಕವಾಗಿ ಇಲ್ಲ. ಇನ್ನೊಂದು ಅಪಾಯವೂ ಇದೆ. ಗೆಳೆಯರೆಲ್ಲ ರೋಗಿಯನ್ನು ಪರೀಕ್ಷಿಸುತ್ತಿರುವಾಗ ಇವರು ಬರೀ ಅನುವಾದಕರಾಗಿ ನಿಲ್ಲಬಾರದು.

ಭಾಷೆ ಅಂದರೆ ಶಬ್ದ ಮಾತ್ರವಲ್ಲ. ಉಮ್ಮನ ಬದಲು ಮಗನೇ ಎಲ್ಲದಕ್ಕೂ ಉತ್ತರ ಕೊಡುವುದು ನಮ್ಮಲ್ಲಿ ಮಾಮೂಲು. ಆ ಮಗನನ್ನು ಮರ್ಯಾದೆಯಿಂದಲೇ ಹೊರಗೆ ಕಳಿಸಿದ ಮೇಲೆ ಉಮ್ಮ ತಿಂಗಳುಗಳಿಂದ ಮುಚ್ಚಿಟ್ಟ ರಕ್ತಸ್ರಾವದ ವಿಷಯ ಹೇಳಬಹುದು. ರಮಝಾನ್‌ನಲ್ಲಿ ಸಕ್ಕರೆ ಕಾಯಿಲೆಯವರು ಡಾಕ್ಟರಿಗೆ ಹೇಳದೆ ಮಾತ್ರೆಯ ಹೊತ್ತು ಬದಲಾಯಿಸಿರುತ್ತಾರೆ. ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳಿಂದ ಉಪವಾಸದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. "ಸಹ್ರಿಗೆ ಯಾವುದು, ಇಫ್ತಾರ್‌ಗೆ ಯಾವುದು ತೆಗೆದುಕೊಂಡಿರಿ?" ಎಂಬ ಪ್ರಶ್ನೆ ನಮ್ಮ ಮನೆಯಿಂದ ಹೋದ ಮಗುವಿಗೆ ತಾನಾಗಿ ಹೊಳೆಯುತ್ತದೆ. ಉಳಿದವರಿಗೂ ಅದನ್ನು ಕಲಿಸಬಹುದು.

ಇನ್ನು ನಮ್ಮ ಕಡೆಯ ವಿಷಯ. ರಿಯಾಯಿತಿ ಇದೆ, ದೊಡ್ಡ ಡಾಕ್ಟರುಗಳಿದ್ದಾರೆ ಅಂತ ನಾವು ಕಾಲೇಜು ಆಸ್ಪತ್ರೆಗೇ ಹೋಗುತ್ತೇವೆ. ಆದರೆ ಐದಾರು ವಿದ್ಯಾರ್ಥಿಗಳು ಮಂಚದ ಸುತ್ತ ನಿಂತರೆ "ಕಲಿಯುವ ಮಕ್ಕಳಿಗೆ ನಾವೇ ಬೇಕಾ?" ಅಂತ ಸಿಡುಕುತ್ತೇವೆ. ಸಿಡುಕಿಗೆ ಕಾರಣ ಇಲ್ಲದಿಲ್ಲ. ಕೇಳದೆ ಹೊಟ್ಟೆ ಮುಟ್ಟುವುದು, ಪರದೆ ಎಳೆಯದೆ ಪರೀಕ್ಷೆ ಮಾಡುವುದು ತಪ್ಪೇ. ವಿದ್ಯಾರ್ಥಿ ಮೊದಲು ಅನುಮತಿ ಕೇಳಬೇಕು. ಹೆಂಗಸರ ಪರೀಕ್ಷೆಯ ವೇಳೆ ಇನ್ನೊಬ್ಬ ಹೆಂಗಸು ಜೊತೆಗಿರಬೇಕು. ಬೇಡ ಅನ್ನುವ ಹಕ್ಕು ರೋಗಿಗೆ ಇದೆ, ಅಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಬಾರದು. ಇಷ್ಟು ಮರ್ಯಾದೆ ಸಿಕ್ಕರೆ, ಹತ್ತು ನಿಮಿಷ ಕೊಡುವುದಕ್ಕೆ ನಾವೂ ಹಿಂಜರಿಯಬೇಕಿಲ್ಲ. ಎಲ್ಲರೂ ಬಾಗಿಲು ಮುಚ್ಚಿದರೆ ನಾಳೆ ನಮ್ಮ ಮೊಮ್ಮಕ್ಕಳನ್ನು ನೋಡುವ ಡಾಕ್ಟರು ಎಲ್ಲಿ ಕಲಿಯಬೇಕು?

ಮಾಡಬಹುದಾದ ಕೆಲಸಗಳು ದೊಡ್ಡವೇನೂ ಅಲ್ಲ. ತುಳು, ಬ್ಯಾರಿ, ಕೊಂಕಣಿ ಸಾಹಿತ್ಯ ಅಕಾಡೆಮಿಗಳು ಮೂರೂ ಮಂಗಳೂರಿನಲ್ಲಿಯೇ ಇವೆ. ವಾರ್ಡಿನಲ್ಲಿ ಬೇಕಾಗುವ ಐವತ್ತು ಪ್ರಶ್ನೆಗಳನ್ನು ಮೂರೂ ಭಾಷೆಯಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಲಿಪಿಯಲ್ಲಿ, ಕೋಟಿನ ಕಿಸೆಗೆ ಹಿಡಿಯುವ ಪುಸ್ತಕ ಮಾಡಿ ಕಾಲೇಜುಗಳಿಗೆ ಕೊಡಲಿ. ಸ್ಕಾಲರ್‌ಶಿಪ್ ಕೊಡುವ ನಮ್ಮ ಸಂಘಟನೆಗಳು ಎರಡನೇ ವರ್ಷದ ಮಕ್ಕಳನ್ನು ವರ್ಷಕ್ಕೊಮ್ಮೆ ಹಿರಿಯ ಡಾಕ್ಟರುಗಳ ಜೊತೆ ಕೂರಿಸಲಿ. ಮೊದಲ ಸಲ ರೋಗಿ ಕಣ್ಣೆದುರು ತೀರಿಹೋದಾಗ ಏನು ಮಾಡಿದಿರಿ, ಪ್ರೊಫೆಸರ್ ಎಲ್ಲರೆದುರು ಬೈದಾಗ ಹೇಗೆ ತಡೆದುಕೊಂಡಿರಿ ಅಂತ ಆ ಮಕ್ಕಳು ಕೇಳಲಿ. ಮನೆಯಲ್ಲಿ ಇದನ್ನೆಲ್ಲ ಹೇಳಿಕೊಳ್ಳಲು ಅವರಿಗೆ ಆಗುವುದಿಲ್ಲ. ಕುಟುಂಬದ ಮೊದಲ ಡಾಕ್ಟರಾಗಲು ಹೊರಟವರಿಗೆ ಅಂಥ ಮಾತು ಹೇಳುವ ಅಣ್ಣನೋ ಅಕ್ಕನೋ ಮನೆಯಲ್ಲಿ ಇರುವುದಿಲ್ಲ.

ಶಾಲು ಹೊದಿಸುವುದು ನಿಲ್ಲಬೇಕಿಲ್ಲ. ಎರಡು ವರ್ಷ ಕಳೆದ ಮೇಲೆ ಆ ಹುಡುಗಿಗೆ ಒಂದು ಫೋನ್ ಮಾಡಿ, "ವಾರ್ಡಿನಲ್ಲಿ ಹೇಗಾಗ್ತಾ ಇದೆ ಮಗಳೇ?" ಅಂತ ಕೇಳೋಣ.