ಮೇಲ್ಮನವಿಯ ಹಕ್ಕು ಮತ್ತು ಖಾತರಿ ಹಣದ ಹೊರೆ

ಕೆಳಹಂತದ ನ್ಯಾಯಾಲಯದಲ್ಲಿ ಸೋತವನಿಗೆ ಮೇಲಿನ ನ್ಯಾಯಾಲಯದ ಮೆಟ್ಟಿಲೇರುವ ಹಕ್ಕಿದೆ. ಆದರೆ ಮೇಲ್ಮನವಿ ಇತ್ಯರ್ಥವಾಗುವ ವೇಳೆಗೆ ಆತನ ಆಸ್ತಿಪಾಸ್ತಿಯೆಲ್ಲ ಹರಾಜಾಗಿ ಹೋಗಿದ್ದರೆ ಆ ಹಕ್ಕಿನಿಂದ ಬಂದ ಭಾಗ್ಯವೇನು? ಹಾಗೆಯೇ, ಗೆದ್ದವನು ವರ್ಷಗಟ್ಟಲೆ ಕಾದು, ಅಷ್ಟರಲ್ಲಿ ಎದುರಾಳಿ ತನ್ನ ಆಸ್ತಿಯನ್ನೆಲ್ಲ ಕರಗಿಸಿಬಿಟ್ಟಿದ್ದರೆ ಆ ಗೆಲುವಿಗೆ ಬೆಲೆಯೆಲ್ಲಿ? ನ್ಯಾಯಶಾಸ್ತ್ರದ ಈ ಹಳೆಯ ಇಕ್ಕಟ್ಟನ್ನು ಡೊನಾಲ್ಡ್ ಟ್ರಂಪ್ ವಿರುದ್ಧದ ನ್ಯೂಯಾರ್ಕ್ ಸಿವಿಲ್ ವಂಚನೆ ಪ್ರಕರಣ ಮತ್ತೆ ಮುನ್ನೆಲೆಗೆ ತಂದಿತು.

ಪ್ರಕರಣದ ಹಿನ್ನೆಲೆ

ಸಾಲ ಹಾಗೂ ವಿಮೆಯಲ್ಲಿ ಅನುಕೂಲಕರ ಷರತ್ತುಗಳನ್ನು ಪಡೆಯುವ ಸಲುವಾಗಿ ಟ್ರಂಪ್ ತಮ್ಮ ಆಸ್ತಿಯ ಮೌಲ್ಯವನ್ನು ವರ್ಷಗಳ ಕಾಲ ಉಬ್ಬಿಸಿ ತೋರಿಸಿದರೆಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ 2022ರ ಸೆಪ್ಟೆಂಬರ್‌ನಲ್ಲಿ ದಾವೆ ಹೂಡಿದರು. ಸುಮಾರು 11 ಸಾವಿರ ಚದರ ಅಡಿಯ ಮ್ಯಾನ್‌ಹಟನ್ ನಿವಾಸವನ್ನು 30 ಸಾವಿರ ಚದರ ಅಡಿ ಎಂದು ನಮೂದಿಸಿದ್ದು ಆರೋಪಗಳಲ್ಲಿ ಒಂದು. ಬ್ಯಾಂಕುಗಳಿಗೆ ಸಾಲ ಮರುಪಾವತಿಯಾಗಿದೆ, ಯಾರಿಗೂ ನಷ್ಟವಾಗಿಲ್ಲ ಎಂಬುದು ಟ್ರಂಪ್ ಪರ ವಾದ.

ನ್ಯಾಯಾಧೀಶ ಆರ್ಥರ್ ಎಂಗೊರಾನ್ ಈ ವಾದವನ್ನು ಒಪ್ಪಲಿಲ್ಲ. 2024ರ ಫೆಬ್ರುವರಿ 16ರಂದು ಟ್ರಂಪ್ ಅವರಿಗೆ ಸುಮಾರು 35.5 ಕೋಟಿ ಡಾಲರ್ ಪಾವತಿಸುವಂತೆ ಆದೇಶಿಸಿದರು. ಶೇ 9ರ ಬಡ್ಡಿ ಸೇರಿ ಅದು 45.4 ಕೋಟಿ ಡಾಲರಿಗೇರಿತು. ದಿನವೊಂದಕ್ಕೆ ಬೆಳೆಯುತ್ತಿದ್ದ ಬಡ್ಡಿಯೇ ಸುಮಾರು 1.12 ಲಕ್ಷ ಡಾಲರ್.

ಖಾತರಿ ದಂಡವಲ್ಲ

ನ್ಯೂಯಾರ್ಕ್ ಕಾನೂನಿನಲ್ಲಿ ಮೇಲ್ಮನವಿ ಸಲ್ಲಿಸಲು ಮೊದಲೇ ಹಣ ಕಟ್ಟಬೇಕಿಲ್ಲ. ಆದರೆ ಮೇಲ್ಮನವಿ ಮುಗಿಯುವವರೆಗೆ ವಸೂಲಾತಿ ತನ್ನಿಂತಾನೇ ತಡೆಯಾಗಬೇಕಾದರೆ ತೀರ್ಪಿನ ಮೊತ್ತಕ್ಕೆ ಖಾತರಿ ಒದಗಿಸಬೇಕು. ಖಾತರಿ ಕಂಪೆನಿಯೊಂದು ಶುಲ್ಕ ಪಡೆದು ಬಾಂಡ್ ಬರೆದುಕೊಡುತ್ತದೆ. ಮೇಲ್ಮನವಿಯಲ್ಲಿ ಸೋತು ಹಣ ಕಟ್ಟದಿದ್ದರೆ ಕಂಪೆನಿಯೇ ಪಾವತಿಸಬೇಕು. ಅಂದರೆ ಬಾಂಡ್ ಎಂಬುದು ಸೋತವನಿಗೆ ವಿಧಿಸಿದ ಶಿಕ್ಷೆಯಲ್ಲ, ಗೆದ್ದವನಿಗೆ ನೀಡಿದ ಭರವಸೆ.

30 ಖಾತರಿ ಕಂಪೆನಿಗಳನ್ನು ಸಂಪರ್ಕಿಸಿದರೂ ಇಷ್ಟು ದೊಡ್ಡ ಮೊತ್ತದ ಬಾಂಡ್ ದೊರೆಯಲಿಲ್ಲ, ಕಂಪೆನಿಗಳು ಕಟ್ಟಡಗಳನ್ನು ಅಡಮಾನವಾಗಿ ಸ್ವೀಕರಿಸುತ್ತಿಲ್ಲ ಎಂದು ಟ್ರಂಪ್ ವಕೀಲರು ನ್ಯಾಯಾಲಯಕ್ಕೆ ತಿಳಿಸಿದರು. ಆಸ್ತಿ ಜಪ್ತಿಯ ಭೀತಿ ಎದುರಾಗಿದ್ದ 2024ರ ಮಾರ್ಚ್ 25ರಂದೇ ಮೇಲ್ಮನವಿ ಪೀಠ ಮೊತ್ತವನ್ನು 17.5 ಕೋಟಿ ಡಾಲರಿಗೆ ಇಳಿಸಿ, 10 ದಿನಗಳ ಕಾಲಾವಕಾಶ ನೀಡಿತು. ಏಪ್ರಿಲ್ 1ರಂದು ಕ್ಯಾಲಿಫೋರ್ನಿಯಾದ ಕಂಪೆನಿಯೊಂದರ ಮೂಲಕ ಬಾಂಡ್ ಸಲ್ಲಿಕೆಯಾಯಿತು.

ಮೊತ್ತ ಇಳಿಸಿದ್ದು ಸರಿಯೇ? ಸರಿ ಎನ್ನಲು ಬಲವಾದ ಕಾರಣಗಳಿದ್ದವು. ಟ್ರಂಪ್ ಸಂಸ್ಥೆಯ ವ್ಯವಹಾರದ ಮೇಲೆ ನ್ಯಾಯಾಲಯವೇ ನೇಮಿಸಿದ ಮೇಲ್ವಿಚಾರಕರಿದ್ದರು. ಕಟ್ಟಡಗಳು ರಾತ್ರೋರಾತ್ರಿ ಮಾಯವಾಗುವಂಥವಲ್ಲ. ಒಮ್ಮೆ ಮಾರಾಟವಾದ ಕಟ್ಟಡವನ್ನು ಮೇಲ್ಮನವಿಯಲ್ಲಿ ಗೆದ್ದ ಮೇಲೆ ಮರಳಿ ಪಡೆಯುವುದು ದುಸ್ತರ. ಆದರೆ ಪೀಠದ ಚುಟುಕು ಆದೇಶದಲ್ಲಿ ಈ ಯಾವ ಕಾರಣವೂ ಇರಲಿಲ್ಲ. 17.5 ಕೋಟಿಯೇ ಏಕೆ, 10 ಅಥವಾ 30 ಕೋಟಿ ಏಕಲ್ಲ ಎಂಬುದಕ್ಕೆ ವಿವರಣೆ ಸಿಗಲಿಲ್ಲ. ಆಕ್ಷೇಪಾರ್ಹವಾದುದು ರಿಯಾಯಿತಿಯಲ್ಲ, ಈ ಮೌನ.

ಟೆಕ್ಸಾಕೊ ಕಲಿಸಿದ ಪಾಠ

ಬಾಂಡಿನ ಹೊರೆಗೆ ದೈತ್ಯ ಸಂಸ್ಥೆಗಳೂ ಬಾಗಿದ ನಿದರ್ಶನವುಂಟು. ಪೆನ್ಜಾಯಿಲ್ ಹೂಡಿದ್ದ ದಾವೆಯಲ್ಲಿ 1985ರಲ್ಲಿ ಟೆಕ್ಸಸ್‌ನ ಜ್ಯೂರಿ, ತೈಲ ಕಂಪೆನಿ ಟೆಕ್ಸಾಕೊ ವಿರುದ್ಧ 1,053 ಕೋಟಿ ಡಾಲರ್ ಪರಿಹಾರ ನಿಗದಿಪಡಿಸಿತು. ಅಷ್ಟು ಮೊತ್ತಕ್ಕೆ ಬಾಂಡ್ ಒದಗಿಸಲಾಗದ ಟೆಕ್ಸಾಕೊ 1987ರ ಏಪ್ರಿಲ್‌ನಲ್ಲಿ ದಿವಾಳಿ ಕಾನೂನಿನ ಆಶ್ರಯ ಪಡೆಯಿತು. ಕೊನೆಗೆ 300 ಕೋಟಿ ಡಾಲರಿಗೆ ರಾಜಿಯಾಯಿತು. ಟೆಕ್ಸಸ್ 2003ರಲ್ಲಿ ಬಾಂಡಿಗೆ 2.5 ಕೋಟಿ ಡಾಲರಿನ ಮಿತಿ ಹಾಕಿತು. ಮಿತಿಯನ್ನು ಶಾಸನವೇ ಹೇಳಿದಾಗ ಯಾರ ಮುಖ ನೋಡಿ ರಿಯಾಯಿತಿ ಕೊಟ್ಟರು ಎಂಬ ಅನುಮಾನಕ್ಕೆ ಎಡೆಯಿರುವುದಿಲ್ಲ.

ಭಾರತಕ್ಕೂ ಈ ಪ್ರಶ್ನೆ ಹೊಸತಲ್ಲ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಗೆ ತಡೆ ಬೀಳದು; ಸಕಾರಣ ತೋರಿಸಿ ಭದ್ರತೆ ಒದಗಿಸಬೇಕು. ಸರ್ಫೇಸಿ ಕಾಯ್ದೆಯಡಿ ಬ್ಯಾಂಕಿನ ಕ್ರಮವನ್ನು ಪ್ರಶ್ನಿಸಲು ಸಾಲಗಾರ ಮೊದಲೇ ಶೇ 75ರಷ್ಟು ಬಾಕಿ ಕಟ್ಟಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟ್ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ 2004ರಲ್ಲಿ ರದ್ದುಪಡಿಸಿತು. ಆ ನಂತರದ ವ್ಯವಸ್ಥೆಯಲ್ಲಿ ಸಾಲಗಾರ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವಾಗ ಕಟ್ಟಬೇಕಾದ ಶೇ 50ರ ಠೇವಣಿಯನ್ನು ಶೇ 25ರವರೆಗೆ ಇಳಿಸಬಹುದು. ಆದರೆ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ನ್ಯೂಯಾರ್ಕ್ ಆದೇಶದಲ್ಲಿ ಕಾಣದ್ದು ಇದೇ.

ಮುಂದೇನಾಯಿತು?

2025ರ ಆಗಸ್ಟ್ 21ರಂದು ಮೇಲ್ಮನವಿ ಪೀಠ ಬಡ್ಡಿ ಸೇರಿ 50 ಕೋಟಿ ಡಾಲರ್ ದಾಟಿದ್ದ ದಂಡವನ್ನು ಪೂರ್ತಿಯಾಗಿ ತಳ್ಳಿಹಾಕಿತು. ಐವರು ನ್ಯಾಯಮೂರ್ತಿಗಳಲ್ಲಿ ಒಮ್ಮತವಿರಲಿಲ್ಲ. ವಂಚನೆಯ ನಿರ್ಣಯ ಸರಿ, ಆದರೆ ಇಷ್ಟು ದಂಡ ಸಂವಿಧಾನದ 8ನೇ ತಿದ್ದುಪಡಿಯ ಉಲ್ಲಂಘನೆ ಎಂದರು ಇಬ್ಬರು. ಮರುವಿಚಾರಣೆ ನಡೆಯಬೇಕೆಂದರು ಮತ್ತಿಬ್ಬರು. ದಾವೆಯನ್ನೇ ವಜಾ ಮಾಡಬೇಕೆಂದರು ಒಬ್ಬರು. ಒಟ್ಟಾರೆ ಫಲಿತವಾಗಿ ವಂಚನೆಯ ನಿರ್ಣಯ ಉಳಿಯಿತು, ದಂಡ ಅಳಿಯಿತು. ಇದರ ವಿರುದ್ಧ ಅಟಾರ್ನಿ ಜನರಲ್ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮೊರೆ ಹೋದರು.

ಪೂರ್ಣ ಮೊತ್ತಕ್ಕೆ ಪಟ್ಟು ಹಿಡಿದು 2024ರಲ್ಲೇ ಕಟ್ಟಡಗಳನ್ನು ಮಾರಿಸಿದ್ದರೆ, ಆಗಸ್ಟ್ ತೀರ್ಪು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಗುತ್ತಿತ್ತು. ಹೀಗಾಗಿ ಮೊತ್ತ ಇಳಿಸುವ ಅಧಿಕಾರ ನ್ಯಾಯಾಲಯಕ್ಕೆ ಅಗತ್ಯ. ಆದರೆ ಹೆಸರಾಂತ ವಕೀಲರ ಪಡೆ ಇಲ್ಲದ ಸಣ್ಣ ವ್ಯಾಪಾರಿಯೂ ಅದೇ ಅಳತೆಗೋಲಿನಲ್ಲಿ ಅದೇ ರಿಯಾಯಿತಿಯನ್ನು ಕೇಳುವಂತಿರಬೇಕು. ಅದಕ್ಕೆ ಆತನ ಕೈಯಲ್ಲಿ ಇರಬೇಕಾದದ್ದು ಕಾರಣಗಳನ್ನು ಬರೆದಿಟ್ಟ ಆದೇಶ. ಅದಿಲ್ಲದಿದ್ದರೆ ರಿಯಾಯಿತಿಯು ಹಕ್ಕಾಗದೆ ಕೃಪೆಯಾಗಿ ಉಳಿಯುತ್ತದೆ.