ಕಛೇರಿಯ ಮೇಜಿನಿಂದ: ‘ಆಯಿತು’ ಎಂದರೆ ಆಯಿತೇ?

ನಾವು ದೆಹಲಿಯ ಸರಕಾರಿ ಕಛೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿದ ಹೊಸತು. ಬಿ.ಎ. ಓದಿದವರು, ಹಿಂದಿ ಪರೀಕ್ಷೆಗಳನ್ನೂ ಪಾಸು ಮಾಡಿದವರು, ನಮಗೇನು ಕೊರತೆ ಎಂಬ ಧೈರ್ಯವಿತ್ತು. ಬರೆಯುವುದಕ್ಕಂತೂ ತೊಡಕಿಲ್ಲ. 1976ರ ರಾಜಭಾಷಾ ನಿಯಮಗಳ ಪ್ರಕಾರ ಕೇಂದ್ರ ಸರಕಾರದ ನೌಕರನು ಕಡತದಲ್ಲಿ ಟಿಪ್ಪಣಿಯನ್ನು ಹಿಂದಿಯಲ್ಲಾದರೂ ಬರೆಯಬಹುದು, ಇಂಗ್ಲಿಷಿನಲ್ಲಾದರೂ ಬರೆಯಬಹುದು. ಅನುವಾದವನ್ನು ಅವನೇ ಒದಗಿಸಬೇಕಾಗಿಲ್ಲ. ಆದರೆ ಬಾಯಿಮಾತಿಗೆ ಅಂಥ ನಿಯಮ ಎಲ್ಲಿದೆ? ಅಲ್ಲಿ ಅನುವಾದವೆಲ್ಲ ನಮ್ಮ ತಲೆಯೊಳಗೇ ನಡೆಯಬೇಕು.

ಒಂದು ಬೆಳಗ್ಗೆ ಅಧಿಕಾರಿಗಳು ಫೋನಿನಲ್ಲಿ, ಇಂಥ ಕಡತ ಮಧ್ಯಾಹ್ನದೊಳಗೆ ಮೇಲಿನ ಮಹಡಿಗೆ ಹೋಗಬೇಕು ಎಂದರು. ಊರಿನಲ್ಲಾಗಿದ್ದರೆ ‘ಆಯಿತು ಸಾರ್’ ಎನ್ನುತ್ತಿದ್ದೆವು. ಅದನ್ನೇ ಹಿಂದಿಗೆ ತಿರುಗಿಸಿ ‘ಹೋ ಗಯಾ ಸಾಬ್’ ಎಂದುಬಿಟ್ಟೆವು. ಕಡತ ಆಗಲೇ ಹೋಗಿದೆ ಎಂದು ಅವರು ತಿಳಿದರು. ಮೇಲಿನವರಿಗೂ ಹಾಗೆಯೇ ತಿಳಿಸಿದರು.

ಹನ್ನೆರಡು ಗಂಟೆಗೆ ಮೇಲಿನಿಂದ ಕೂಗು ಬಂತು: ಕಡತ ಇಲ್ಲ! ಸಂಶಯ ಹೋದದ್ದು ಕಡತ ಹೊರುವ ಜವಾನರ ಮೇಲೆ. ಅದೇ ಕಡತದ ಹಾಳೆಗಳಿಗೆ ಅಂಕಿ ಹಾಕುತ್ತ ಕುಳಿತಿದ್ದ ನಾವು ಗದ್ದಲ ಕೇಳಿ ಎದ್ದು ಹೋಗಿ ನೋಡಿದರೆ, ನಿವೃತ್ತಿಗೆ ಹತ್ತಿರವಾಗಿದ್ದ ಆ ಹಿರಿಯರು ತಲೆ ತಗ್ಗಿಸಿ ನಿಂತಿದ್ದರು. ಕಡತವನ್ನು ಒಪ್ಪಿಸಿ ನಡೆದದ್ದನ್ನು ಹೇಳಿದೆವು. ಅಧಿಕಾರಿಗಳು ನಕ್ಕರು, ಸೆಕ್ಷನ್ನೇ ನಕ್ಕಿತು. ಜವಾನರು ಮಾತ್ರ ನಗಲಿಲ್ಲ. ಚಹಾದ ಹೊತ್ತಿನಲ್ಲಿ ಕ್ಷಮೆ ಕೇಳಿದಾಗ, “ಬಾಬೂಜಿ, ಮಾತು ನಿಮ್ಮದು, ಬೈಗುಳ ನನ್ನದು” ಎಂದರು.

ಮನೆಯಲ್ಲಿ ಹೇಳಿಕೊಂಡರೆ ಮೂರನೆಯ ತರಗತಿಯ ನಮ್ಮ ಮಗಳು, “ಅಪ್ಪಾ, ‘ಜೀ’ ಅಂದಿದ್ದರೆ ಸಾಕಿತ್ತು” ಎಂದಳು. ನಮ್ಮ ಬಿ.ಎ. ಅಲ್ಲಿಗೆ ಮುಗಿಯಿತು!

ಇದು ದೆಹಲಿಯ ಮಾತು ಮಾತ್ರವಲ್ಲ. ಮುಂಬಯಿ, ಪುಣೆಗಳಲ್ಲಿ ‘ಝಾಲಂ’ ಎಂದರೂ, ಚೆನ್ನೈಯಲ್ಲಿ ‘ಆಚ್ಚು’ ಎಂದರೂ, ಹೈದರಾಬಾದಿನಲ್ಲಿ ‘ಅಯಿಂದಿ’ ಎಂದರೂ ಕೆಲಸ ಮುಗಿಯಿತೆಂದೇ ಅರ್ಥ. ಒಪ್ಪಿಗೆಗೆ ಅಲ್ಲಿ ‘ಬರಂ’, ‘ಸರಿ’, ‘ಸರೇ’ ಎಂಬ ಬೇರೆ ಮಾತುಗಳಿವೆ. ನಾವು ಕನ್ನಡಿಗರು ಮಾತ್ರ ಎರಡಕ್ಕೂ ‘ಆಯಿತು’ ಎನ್ನುತ್ತೇವೆ. ಒಪ್ಪಿಕೊಂಡ ಕೆಲಸ ಆದಂತೆಯೇ ಎಂಬ ಭರವಸೆ ಅದರಲ್ಲಿದೆ. ಅದು ನಮಗೆ ಹೆಮ್ಮೆಯೇ. ಆದರೆ ಕೇಳುವವರು ನಮ್ಮೂರಿನವರಲ್ಲವಲ್ಲ! ನಮ್ಮ ಮಾತಿನ ತಪ್ಪಿಗೆ ದಂಡ ತೆರುವವರೋ, ಬಹಳ ಸಲ ನಮಗಿಂತ ಕೆಳಗಿನ ಮೆಟ್ಟಿಲಿನಲ್ಲಿ ನಿಂತವರು. ಆದ್ದರಿಂದ ಪರಊರಿನ ಕಛೇರಿಯಲ್ಲಿ ಒಪ್ಪಿಗೆ ಕೊಡುವಾಗ ಕೆಲಸವನ್ನೂ ಗಂಟೆಯನ್ನೂ ಬಿಡಿಸಿ ಹೇಳುವುದು ಕ್ಷೇಮ.

ಆ ಹಿರಿಯರು ನಿವೃತ್ತರಾಗುವ ದಿನದವರೆಗೂ ನಮ್ಮ ಮೇಜಿನ ಬಳಿ ಬಂದಾಗಲೆಲ್ಲ, “ಬಾಬೂಜಿ, ಹೋ ಗಯಾ, ಯಾ ಹೋಗಾ?” ಎಂದು ಕೇಳುತ್ತಿದ್ದರು. ನಾವು ಗಡಿಯಾರ ನೋಡಿ ಉತ್ತರ ಕೊಡುತ್ತಿದ್ದೆವು.