ಪ್ರತಿಭೆಯ ಋಣ ಯಾರ ಮೇಲಿದೆ?

ಪಿಯುಸಿ ಫಲಿತಾಂಶ ಬಂದ ದಿನ ಒಳ್ಳೆಯ ಅಂಕ ಪಡೆದ ಹುಡುಗಿಯ ಮನೆಗೆ ನೆಂಟರು, ನೆರೆಹೊರೆಯವರು ಬರುತ್ತಾರೆ. ಸಿಹಿ ತಿಂದು, "ಇಷ್ಟು ಬುದ್ಧಿಯಿರುವವಳು ಡಾಕ್ಟರೇ ಆಗಬೇಕು, ಸಮುದಾಯಕ್ಕೆ ಉಪಯೋಗವಾಗಬೇಕು" ಎಂದು ಹೇಳಿ ಹೋಗುತ್ತಾರೆ. ಅವಳಿಗೆ ಇಷ್ಟವಿರುವುದು ಗಣಿತವೋ ಚಿತ್ರಕಲೆಯೋ ಎಂದು ಯಾರೂ ಕೇಳುವುದಿಲ್ಲ. ಎರಡು ವರ್ಷ ಕಳೆದು ಒಳ್ಳೆಯ ಸಂಬಂಧವೊಂದು ಬಂದಾಗ ಅದೇ ನೆಂಟರು, "ಓದಿದ್ದು ಸಾಕು" ಎನ್ನುತ್ತಾರೆ. ಸಮುದಾಯದ ಉಪಯೋಗದ ಮಾತು ಆಗ ಯಾರಿಗೂ ನೆನಪಿರುವುದಿಲ್ಲ.

ಪ್ರತಿಭೆ ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್ತು. ಸೋಮಾರಿತನದಿಂದಲೋ ಅಹಂಕಾರದಿಂದಲೋ ಅದನ್ನು ಹಾಳುಗೆಡವುವುದು ತಪ್ಪು. ಈ ಮಾತಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ಅದನ್ನು ಯಾವ ಕೆಲಸಕ್ಕೆ ಬಳಸಬೇಕೆಂದು ತೀರ್ಮಾನಿಸುವವರು ಯಾರು? ಪ್ರತಿಭಾವಂತರಿಂದ ಬಯಸುವ ಸಮಾಜಕ್ಕೆ ತನ್ನದೇ ಆದ ಹೊಣೆ ಇಲ್ಲವೇ?

ಇರಾನಿನ ಗಣಿತಜ್ಞೆ ಮರ್ಯಮ್ ಮಿರ್ಝಾಖಾನಿಯವರ ಬದುಕನ್ನು ನೋಡಿ. 1977ರಲ್ಲಿ ಟೆಹರಾನಿನಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿ ಲೇಖಕಿಯಾಗುವ ಆಸೆಯಿತ್ತು. ಮಾಧ್ಯಮಿಕ ಶಾಲೆಯ ಮೊದಲ ವರ್ಷ ಗಣಿತದಲ್ಲಿ ಹಿಂದುಳಿದಿದ್ದರು. ಅವರಲ್ಲಿ ವಿಶೇಷ ಪ್ರತಿಭೆಯಿಲ್ಲವೆಂದು ಆಗಿನ ಶಿಕ್ಷಕಿ ಭಾವಿಸಿದ್ದರು. ಮರುವರ್ಷ ಬಂದ ಶಿಕ್ಷಕಿ ಬೆನ್ನುತಟ್ಟಿದರು. ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಇರಾನ್ ತಂಡದಲ್ಲಿ ಆಗ ಒಬ್ಬ ಹುಡುಗಿಯೂ ಇರಲಿಲ್ಲ. ಆದರೂ ಹುಡುಗರ ಶಾಲೆಯಲ್ಲಿರುವಂಥ ತರಬೇತಿ ತನ್ನ ವಿದ್ಯಾರ್ಥಿನಿಯರಿಗೂ ಸಿಗುವಂತೆ ಮುಖ್ಯೋಪಾಧ್ಯಾಯಿನಿ ನೋಡಿಕೊಂಡರು. ಮರ್ಯಮ್ 1994ರಲ್ಲಿ ಚಿನ್ನದ ಪದಕ ಗೆದ್ದರು. 1995ರಲ್ಲಿ ಪೂರ್ಣ ಅಂಕಗಳೊಂದಿಗೆ ಮತ್ತೆ ಚಿನ್ನ ಗೆದ್ದರು. 2014ರಲ್ಲಿ ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. 2017ರಲ್ಲಿ, ಕೇವಲ 40ರ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು.

ಅವರು ಅಧ್ಯಯನ ಮಾಡಿದ್ದು ಬಾಗಿದ ಮೇಲ್ಮೈಗಳ ಜ್ಯಾಮಿತಿಯನ್ನು. ಅದರಿಂದ ಯಾವ ರೋಗಿಯೂ ಗುಣವಾಗಲಿಲ್ಲ, ಯಾರ ಹಸಿವೂ ನೀಗಲಿಲ್ಲ. ಹಾಗೆಂದು ಅವರು ಸಮಾಜದ ಋಣ ತೀರಿಸಲಿಲ್ಲ ಎನ್ನಲು ಸಾಧ್ಯವೇ? ಇಂದು ಅವರ ಹುಟ್ಟಿದ ದಿನವಾದ ಮೇ 12ನ್ನು ಹಲವು ದೇಶಗಳಲ್ಲಿ ಗಣಿತದಲ್ಲಿ ತೊಡಗಿದ ಮಹಿಳೆಯರ ದಿನವಾಗಿ ಆಚರಿಸುತ್ತಾರೆ. ಅವರು ಡಾಕ್ಟರೇ ಆಗಬೇಕೆಂದು ಯಾರಾದರೂ ಹಟ ಹಿಡಿದಿದ್ದರೆ ಜಗತ್ತಿಗೆ ಇನ್ನೊಬ್ಬ ವೈದ್ಯೆ ಸಿಗುತ್ತಿದ್ದರು, ಈ ಗಣಿತಜ್ಞೆ ಸಿಗುತ್ತಿರಲಿಲ್ಲ. ಇನ್ನೂ ಒಂದು ಮಾತು: ಮರ್ಯಮ್ ಸಮಾಜಕ್ಕೆ ಏನನ್ನಾದರೂ ಕೊಡುವ ಮೊದಲೇ ಆ ಶಿಕ್ಷಕಿ, ಆ ಮುಖ್ಯೋಪಾಧ್ಯಾಯಿನಿ ತಮ್ಮ ಪಾಲಿನ ಹೊಣೆ ನಿರ್ವಹಿಸಿದ್ದರು.

ನಮ್ಮ ನಾಡಿನ ಸಾರಾ ಅಬೂಬಕ್ಕರ್ ಅವರನ್ನೂ ನೆನೆಯೋಣ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಅವರು ಮದುವೆಯಾಗಿ, ನಾಲ್ವರು ಗಂಡುಮಕ್ಕಳನ್ನು ಸಾಕಿ, ನಲವತ್ತು ದಾಟಿದ ಮೇಲೆ ಲೇಖಕಿಯಾಗಿ ಹೆಸರಾದರು. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಅವರನ್ನು ಕನ್ನಡದ ಮನೆಮನೆಗೆ ಪರಿಚಯಿಸಿತು. 2023ರಲ್ಲಿ ನಿಧನರಾದ ಅವರ ಬರಹಗಳನ್ನೆಲ್ಲ ಒಪ್ಪದವರು ನಮ್ಮಲ್ಲಿ ಇದ್ದಾರೆ. ಆದರೆ ಪ್ರತಿಭೆ ನಮಗೆ ಹಿತವೆನಿಸುವುದನ್ನೇ ಹೇಳಬೇಕೆಂಬ ಷರತ್ತು ಹಾಕುವುದು ನ್ಯಾಯವಲ್ಲ. ಅಂಥ ಲೇಖನಿ ಇಪ್ಪತ್ತು ವರ್ಷ ಮೊದಲೇ ಕೈಗೆ ಬಂದಿದ್ದರೆ ನಾವು ಇನ್ನೆಷ್ಟು ಓದುತ್ತಿದ್ದೆವೋ!

ಓದಿದವಳು ಮನೆಯಲ್ಲೇ ಇದ್ದರೆ ಅದು ತಪ್ಪೇ ಎಂದು ಕೆಲವು ಸಹೋದರಿಯರು ಕೇಳಬಹುದು. ಖಂಡಿತ ಅಲ್ಲ. ಮನಃಪೂರ್ವಕವಾಗಿ ಮನೆವಾರ್ತೆಯನ್ನು ಆರಿಸಿಕೊಂಡವಳನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಪ್ರತಿಭೆಯ ಋಣ ಬ್ಯಾಂಕಿನ ಸಾಲದಂತಲ್ಲ, ಮನೆಬಾಗಿಲಿಗೆ ಬಂದು ವಸೂಲಿ ಮಾಡುವುದಕ್ಕೆ. ಅಡುಗೆಮನೆಯಿಂದಲೇ ಪಕ್ಕದ ಮನೆಯ ಮಗುವಿಗೆ ದಿನಕ್ಕೊಂದು ಲೆಕ್ಕ ಹೇಳಿಕೊಟ್ಟರೂ ಅಮಾನತ್ತು ಸದುಪಯೋಗವಾದಂತೆಯೇ. ಆದರೆ ಆ ಆಯ್ಕೆ ಅವಳದ್ದಾಗಿರಬೇಕು. ಬೇರೆ ದಾರಿಯನ್ನೇ ಕಾಣದವಳ ಮೌನವನ್ನು ಆಯ್ಕೆ ಎಂದು ಕರೆಯಬಾರದು.

ತಾಯಂದಿರೇ, ಮಗಳು ಪುಸ್ತಕದಲ್ಲಿ ಮುಳುಗಿರುವಾಗ ಪಾತ್ರೆ ತೊಳೆಯಲು ಒಮ್ಮೆ ಮಗನನ್ನು ಕರೆಯಿರಿ. ನಿನಗೆ ಏನಿಷ್ಟ ಎಂದು ಅವಳನ್ನು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನೆ ಕೇಳಿಸಿಕೊಳ್ಳಿ. ಅವಳಿಂದ ಸಮುದಾಯಕ್ಕೆ ಏನು ಸಿಕ್ಕಿತು ಎಂದು ಲೆಕ್ಕ ಹಾಕುವ ಮೊದಲು, ನಮ್ಮಿಂದ ಅವಳಿಗೆ ಏನು ಸಿಕ್ಕಿತು ಎಂದು ಯೋಚಿಸೋಣ.